ಒಂದು ಟನ್ ತಂಪು: ಸಿಂಗಪುರ ತಣ್ಣಗಾದ ಕಥೆ

ಮೊಮ್ಮಗಳನ್ನು ನೋಡಲು ನಮ್ಮ ಬೀಗರು ದಾವಣಗೆರೆಯಿಂದ ಸಿಂಗಪುರಕ್ಕೆ ಬಂದಿದ್ದರು. ಏಪ್ರಿಲ್ ತಿಂಗಳು. ಮಧ್ಯಾಹ್ನದ ಊಟವಾದ ಮೇಲೆ ಮಗ ಏರ್‌ಕಾನ್ ಹಾಕಿ ಆಫೀಸಿನ ಫೋನಿಗೆ ಕೂತ. ಬೀಗರು ಗೋಡೆಯ ಮೇಲಿದ್ದ ಬಿಳಿ ಡಬ್ಬವನ್ನೇ ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಅಲ್ರೀ ಡಾಕ್ಟ್ರೇ, ನಮ್ಮೂರ ಅಂಗಡಿಯೋರು ಇದನ್ನ ಒಂದು ಟನ್, ಒಂದೂವರೆ ಟನ್ ಅಂತ ಮಾರ್ತಾರಲ್ಲ, ಏನ್ರೀ ಅದು ಟನ್? ಇಬ್ಬರು ಹುಡುಗರು ಎತ್ಕೊಂಡು ಹೋಗೋ ಹಂಗೈತಿ ಈ ಡಬ್ಬ!"

ಸುಮಾರು ನಲವತ್ತು ವರ್ಷ ವೈದ್ಯನಾಗಿ ಕೆಲಸ ಮಾಡಿದವನು ನಾನು. ಜ್ವರದ ಮಾಪನ, ಬೆವರಿನ ಲೆಕ್ಕ, ಲಸಿಕೆಯ ಶೀತಲ ಪೆಟ್ಟಿಗೆ ಎಲ್ಲವೂ ಗೊತ್ತು. ಈ ಟನ್ ಮಾತ್ರ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ ಬೀಗರೇ" ಎಂದು ಜಾರಿಕೊಂಡೆ. ನಿವೃತ್ತನಿಗೆ ಸಮಯಕ್ಕೇನು ಬರ? ಗ್ರಂಥಾಲಯಕ್ಕೆ ಹೋಗಿ ಓದುತ್ತ ಕೂತೆ. ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನಿಗೆ ಬಾಸ್ಟನ್ನಿನ ಕೆರೆ, ಮದ್ರಾಸಿನ ಕಡಲತೀರ, ಸಿಂಗಪುರದ ಹೊಳೆದಂಡೆ, ಕೊನೆಗೆ ನನ್ನದೇ ಹಳೆಯ ತಪ್ಪೊಂದು ಎದುರಾದವು. ಅದೆಲ್ಲವನ್ನೂ ಸಂಘದ ಬಂಧುಗಳ ಮುಂದಿಡಬೇಕೆನಿಸಿ ಈ ಬರಹ.

ಟನ್ ಎಂದರೇನು?

ಟನ್ ಎನ್ನುವುದು ಯಂತ್ರದ ತೂಕವಲ್ಲ, ಮಂಜುಗಡ್ಡೆಯ ತೂಕ. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು ಸುಮಾರು 80 ಕ್ಯಾಲರಿ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ಸುತ್ತಲಿನದು ತಣ್ಣಗಾಗುವುದು ಅದರಿಂದಲೇ. ಒಂದು ಅಮೆರಿಕನ್ ಟನ್, ಅಂದರೆ 2000 ಪೌಂಡು ಅಥವಾ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಅಷ್ಟೇ ಹೊತ್ತಿನಲ್ಲಿ ಹೀರಬಲ್ಲ ಯಂತ್ರಕ್ಕೆ 'ಒಂದು ಟನ್' ಎಂದು ಹೆಸರು. ಗಂಟೆಗೆ 12,000 ಬಿಟಿಯು. ಸಿಂಗಪುರದ ಅಂಗಡಿಗಳಲ್ಲಿ 9000, 12000 ಎಂದು ಬರೆದಿರುತ್ತಾರಲ್ಲ, ಅದು ಇದೇ ಲೆಕ್ಕ. ವಿದ್ಯುತ್ತಿನ ಭಾಷೆಯಲ್ಲಿ ಸುಮಾರು 3.5 ಕಿಲೋವ್ಯಾಟ್. ಸುಮ್ಮನೆ ಕೂತ ಮನುಷ್ಯನ ದೇಹ ಹೆಚ್ಚುಕಡಿಮೆ 100 ವ್ಯಾಟ್ ಶಾಖವನ್ನು ಹೊರಬಿಡುತ್ತದೆ. ಹಾಗಾಗಿ ಒಂದು ಟನ್ ಯಂತ್ರವು ಮೂವತ್ತೈದು ಜನ ನೆಂಟರ ಮೈಬಿಸಿಯನ್ನು ಹೊರಗೆ ಸಾಗಿಸಬಲ್ಲದು.

ಕರೆಂಟಿನಿಂದ ಓಡುವ ಯಂತ್ರವನ್ನು ಮಂಜುಗಡ್ಡೆಯಲ್ಲಿ ಅಳೆಯುವುದೇಕೆ? ಯಂತ್ರ ಬರುವ ಮೊದಲು ಜಗತ್ತು ತಂಪನ್ನು ಮಂಜುಗಡ್ಡೆಯ ರೂಪದಲ್ಲಿ, ತೂಕದ ಲೆಕ್ಕದಲ್ಲಿ ಕೊಂಡುಕೊಳ್ಳುತ್ತಿತ್ತು. ಕುದುರೆ ಹೋದರೂ ಎಂಜಿನ್ನಿಗೆ 'ಅಶ್ವಶಕ್ತಿ' ಎಂಬ ಅಳತೆ ಉಳಿದ ಹಾಗೆ, ಮಂಜುಗಡ್ಡೆಯ ವ್ಯಾಪಾರ ಹೋದರೂ ಟನ್ ಉಳಿಯಿತು.

ಹೂಜಿ, ಲಾವಂಚ, ಪೆಟ್ಲುಪ್ಪು

ನಮ್ಮ ಹಿರಿಯರೇನೂ ಸೆಖೆಗೆ ಕೈಕಟ್ಟಿ ಕೂತವರಲ್ಲ. ಬಯಲುಸೀಮೆಯ ಪ್ರತಿ ಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂತಿರುತ್ತಿದ್ದ ಮಣ್ಣಿನ ಹೂಜಿ ಒಂದು ಪುಟ್ಟ ಶೈತ್ಯಯಂತ್ರವೇ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದರ ಗುಟ್ಟೂ ಇದೇ. ನಮ್ಮ ಮೈ ಬೆವರುವುದೂ ಇದೇ ಕಾರಣಕ್ಕೆ. ಒಂದು ಗ್ರಾಂ ಬೆವರು ಆರಿದರೆ ಸುಮಾರು 580 ಕ್ಯಾಲರಿ ಶಾಖ ಮೈಯಿಂದ ಹೋಗುತ್ತದೆ. ಅಷ್ಟೇ ತೂಕದ ಮಂಜುಗಡ್ಡೆ ಕರಗಿ ಹೀರುವುದರ ಏಳು ಪಟ್ಟು.

ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಅದರೊಳಗೆ ಕುಡಿಯುವ ನೀರಿನ ಪಾತ್ರೆಯನ್ನು ಆಡಿಸಿ ತಣ್ಣಗೆ ಮಾಡುತ್ತಿದ್ದರೆಂದು ಅಬುಲ್ ಫಜಲ್ ದಾಖಲಿಸಿದ್ದಾನೆ. ಪೆಟ್ಲುಪ್ಪು ಕರಗುವಾಗ ಶಾಖ ಹೀರುತ್ತದೆ. ಸಿಡಿಮದ್ದಿನ ಸಾಮಗ್ರಿಯೇ ಪಾನಕದ ಸಾಮಗ್ರಿಯೂ ಆಗಿತ್ತು! ಅಲಹಾಬಾದಿನ ಬಳಿ ಚಳಿಗಾಲದ ರಾತ್ರಿಗಳಲ್ಲಿ ಒಣಹುಲ್ಲಿನ ಮೇಲೆ ಅಗಲವಾದ ಮಣ್ಣಿನ ತಟ್ಟೆಗಳನ್ನು ಸಾಲಾಗಿಟ್ಟು ಸ್ವಲ್ಪವೇ ನೀರು ಹಾಕಿದರೆ ಬೆಳಗಿನ ಜಾವಕ್ಕೆ ತೆಳುವಾದ ಮಂಜುಗಡ್ಡೆ ಕಟ್ಟುತ್ತಿತ್ತು. ಶುಭ್ರ ಆಕಾಶದ ರಾತ್ರಿ, ನೀರು ತನ್ನ ಶಾಖವನ್ನು ಮೇಲಕ್ಕೆ ಸೂಸಿ ಹೆಪ್ಪುಗಟ್ಟುತ್ತಿತ್ತು. ಸರ್ ರಾಬರ್ಟ್ ಬಾರ್ಕರ್ ಎಂಬ ಅಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಈ ವಿಧಾನವನ್ನು ಬರೆದು ತಿಳಿಸಿದ.

ಆದರೆ ಸಿಂಗಪುರದಲ್ಲಿ ಈ ಯಾವ ಉಪಾಯವೂ ಅಷ್ಟಾಗಿ ನಡೆಯದು. ಇಲ್ಲಿನ ಗಾಳಿ ಆಗಲೇ ನೀರು ಕುಡಿದು ತೇಗುತ್ತಿರುವ ಗಾಳಿ. ಸರಾಸರಿ ಆರ್ದ್ರತೆ ನೂರಕ್ಕೆ 80ಕ್ಕೂ ಮೇಲೆ. ಹೂಜಿಯ ನೀರಾಗಲಿ ಮೈಯ ಬೆವರಾಗಲಿ ಬೇಗ ಆರುವುದಿಲ್ಲ. ಇಲ್ಲಿನ ದಾಖಲೆ ಬಿಸಿಲು 37 ಡಿಗ್ರಿ ಸೆಲ್ಸಿಯಸ್, 1983ರಲ್ಲಿ ಒಮ್ಮೆ ಮತ್ತು 2023ರ ಮೇ ತಿಂಗಳಲ್ಲಿ ಇನ್ನೊಮ್ಮೆ. ನಮ್ಮ ರಾಯಚೂರು, ಕಲಬುರಗಿಯವರು ಇದನ್ನು ಕೇಳಿ ನಗುತ್ತಾರೆ. ಅದೇ ಕಲಬುರಗಿಯವರು ಇಲ್ಲಿಗೆ ಬಂದು ಮೂರನೆಯ ದಿನಕ್ಕೆ "ಒಣ ಬಿಸಿಲಾರ ಛಲೋ, ಈ ಕುದಿ ಬ್ಯಾಡ" ಎನ್ನುತ್ತಾರೆ. ಇಬ್ಬರ ಮಾತೂ ಸರಿ. ದೇಹಕ್ಕೆ ಮುಖ್ಯವಾದದ್ದು ಗಾಳಿಯ ಬಿಸಿ ಒಂದೇ ಅಲ್ಲ, ಬೆವರು ಆರುತ್ತದೆಯೋ ಇಲ್ಲವೋ ಎಂಬುದು.

ಹಡಗು ಹತ್ತಿ ಬಂದ ಚಳಿಗಾಲ

ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ ವ್ಯಾಪಾರಿ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು ಬಿಸಿ ನಾಡುಗಳಿಗೆ ಮಾರಲು ಹೊರಟ. 1806ರಲ್ಲಿ ಮೊದಲ ಹಡಗನ್ನು ಕೆರಿಬಿಯನ್ ದ್ವೀಪ ಮಾರ್ಟಿನಿಕಿಗೆ ಕಳಿಸಿದಾಗ ಊರವರು ನಕ್ಕರು. ನಷ್ಟವಾಯಿತು, ಸಾಲ ತೀರಿಸಲಾಗದೆ ಜೈಲಿಗೂ ಹೋಗಿಬಂದ. ಆದರೂ ಬಿಡಲಿಲ್ಲ. ಮರದ ಹೊಟ್ಟು ತುಂಬಿ ಗಡ್ಡೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆಂದು ಕಂಡುಕೊಂಡ. ಮರ ಕೊಯ್ಯುವ ಮಿಲ್ಲುಗಳು ಎಸೆಯುತ್ತಿದ್ದ ಹೊಟ್ಟಿನಿಂದಲೇ ಅವನ ವ್ಯಾಪಾರ ನಿಂತಿತು.

1833ರಲ್ಲಿ 'ಟಸ್ಕನಿ' ಎಂಬ ಹಡಗು ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಬಾಸ್ಟನ್ನಿನಿಂದ ಹೊರಟಿತು. ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕು ತಿಂಗಳ ಮೇಲೆ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿತ್ತು. ಮದ್ರಾಸಿನ ಕಡಲತೀರದಲ್ಲಿ 1842ರಲ್ಲಿ ಐಸ್ ಹೌಸ್ ಕಟ್ಟಲಾಯಿತು. ಆ ದುಂಡು ಕಟ್ಟಡ ಇಂದಿಗೂ ಇದೆ. ಮುಂದೆ ಅದು ವಕೀಲ ಬಿಳಿಗಿರಿ ಅಯ್ಯಂಗಾರರ ಮನೆಯಾಗಿ, 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಈಗ ಅದಕ್ಕೆ ಅವರದೇ ಹೆಸರು.

ಸಿಂಗಪುರದ ಸರದಿ ಬಂದದ್ದು 1854ರಲ್ಲಿ. ಇಲ್ಲಿನ ಹೆಸರಾಂತ ಚೀನೀ ವರ್ತಕ ಹೂ ಆ ಕೇ. ಹುಟ್ಟೂರು ಕ್ಯಾಂಟನ್ ಬಳಿಯ ವಾಂಪೋವಾ, ಹಾಗಾಗಿ ಜನ ಕರೆಯುತ್ತಿದ್ದದ್ದು 'ವಾಂಪೋವಾ' ಎಂದೇ. ನಮ್ಮಲ್ಲಿ ಊರ ಹೆಸರಿನಿಂದಲೇ ಮನುಷ್ಯನನ್ನು ಗುರುತಿಸುವುದಿಲ್ಲವೇ, ಹಾಗೆ. 1830ರಲ್ಲಿ ಹುಡುಗನಾಗಿ ಬಂದು, ಹಡಗುಗಳಿಗೆ ಮಾಂಸ, ತರಕಾರಿ ಒದಗಿಸುತ್ತ ಬೆಳೆದವನು. 1869ರಲ್ಲಿ ಇಲ್ಲಿನ ಶಾಸನ ಪರಿಷತ್ತಿಗೆ ಸೇರಿದ ಮೊದಲ ಏಷ್ಯನ್. ಆತ ಗಿಲ್ಬರ್ಟ್ ಆಂಗಸ್ ಎಂಬುವನ ಜೊತೆ ಸೇರಿ ಈಗಿನ ಕ್ಲಾರ್ಕ್ ಕೀ ಬಳಿ ಐಸ್ ಹೌಸ್ ತೆರೆದು ಬಾಸ್ಟನ್ನಿನಿಂದ ಮಂಜುಗಡ್ಡೆ ತರಿಸಿದ.

ವ್ಯಾಪಾರ ಹೆಚ್ಚು ದಿನ ನಡೆಯಲಿಲ್ಲ. ಆಗ ಊರಿನಲ್ಲಿದ್ದ ಯುರೋಪಿಯನ್ನರು ಕೆಲವೇ ನೂರು ಜನ. ಮೂಟೆ ಹೊರುವ ಕೂಲಿಗೆ ಮಂಜುಗಡ್ಡೆ ಕೊಳ್ಳುವ ಶಕ್ತಿ ಎಲ್ಲಿಯದು? ಕೊಳ್ಳುವವರು ಬರುವುದರೊಳಗೆ ಸರಕು ಕರಗಿ ಚರಂಡಿ ಸೇರುತ್ತಿತ್ತು. ಜಗತ್ತಿನ ಯಾವ ವ್ಯಾಪಾರಿಗೂ ಬೇಡ ಇಂಥ ಸರಕು! ಕೆಲವೇ ವರ್ಷಗಳಲ್ಲಿ ವಾಂಪೋವಾ ಕೈಬಿಟ್ಟ. ಮೂಲ ಕಟ್ಟಡವನ್ನು ರಸ್ತೆ ಅಗಲಿಸಲು ಕೆಡವಿದರು. ಅದರ ಪ್ರತಿರೂಪವೊಂದು ಕ್ಲಾರ್ಕ್ ಕೀ ಹತ್ತಿರ ನಿಂತಿದೆ. ಮುಂದಿನ ಸಲ ನೆಂಟರನ್ನು ದೋಣಿ ವಿಹಾರಕ್ಕೆ ಕರೆದೊಯ್ದಾಗ ಒಂದು ನಿಮಿಷ ನಿಂತು ನೋಡಿ.

ವೈದ್ಯರು ಹಚ್ಚಿದ ದೀಪ

ನನ್ನ ಕಸುಬಿನವರ ಬಗ್ಗೆ ಸ್ವಲ್ಪ ಹೆಮ್ಮೆ ಪಟ್ಟರೆ ಕ್ಷಮಿಸಬೇಕು. ಕೃತಕ ಶೈತ್ಯದ ಮೊದಲ ಪ್ರಯೋಗ ಮಾಡಿದವನು ವೈದ್ಯ. 1748ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲೆನ್, ಪಾತ್ರೆಯಿಂದ ಗಾಳಿ ಹೊರತೆಗೆದು ಈಥರನ್ನು ಬೇಗ ಆವಿಯಾಗುವಂತೆ ಮಾಡಿದಾಗ ಅದು ವಿಪರೀತ ತಣ್ಣಗಾಗುವುದನ್ನು ತೋರಿಸಿದ. ಕಲೆನ್‌ನ ಶಿಷ್ಯ ಜೋಸೆಫ್ ಬ್ಲ್ಯಾಕ್ ಕೂಡ ವೈದ್ಯನೇ. ಕರಗುವಾಗ, ಆವಿಯಾಗುವಾಗ ವಸ್ತು ನುಂಗಿಕೊಳ್ಳುವ ಶಾಖ ಉಷ್ಣಮಾಪಕದಲ್ಲಿ ಕಾಣುವುದಿಲ್ಲವೆಂದು ಆತ ತೋರಿಸಿಕೊಟ್ಟ. ನಾವು ಪಿಯುಸಿಯಲ್ಲಿ 'ಗುಪ್ತೋಷ್ಣ' ಎಂದು ಬಾಯಿಪಾಠ ಮಾಡಿದ್ದು ಇದನ್ನೇ.

ಮೂರನೆಯವನ ಕಥೆ ನೋವಿನದು. ಅಮೆರಿಕದ ಫ್ಲಾರಿಡಾದ ಅಪಲಾಚಿಕೋಲಾ ಎಂಬ ಬಂದರಿನಲ್ಲಿ ಜಾನ್ ಗೋರಿ ಎಂಬ ವೈದ್ಯ ಹಳದಿ ಜ್ವರ ಮತ್ತು ಮಲೇರಿಯಾ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ. ಕೋಣೆ ತಣ್ಣಗಿದ್ದರೆ ಜ್ವರದವರಿಗೆ ನೆಮ್ಮದಿ ಎಂದು ಮಂಜುಗಡ್ಡೆಯ ಪಾತ್ರೆಯನ್ನು ಸೂರಿಗೆ ತೂಗುಹಾಕಿ ತಂಪು ಗಾಳಿ ಕೆಳಗಿಳಿಯುವಂತೆ ಮಾಡಿದ. ಮಂಜುಗಡ್ಡೆಯ ಹಡಗು ಬರದ ದಿನಗಳಿಗೆಂದು ಗಾಳಿಯನ್ನು ಒತ್ತಿ, ಮತ್ತೆ ಹಿಗ್ಗಲು ಬಿಟ್ಟು ಮಂಜುಗಡ್ಡೆ ಕಟ್ಟಿಸುವ ಯಂತ್ರ ತಯಾರಿಸಿ 1851ರಲ್ಲಿ ಪೇಟೆಂಟ್ ಪಡೆದ. ಹಣ ಹಾಕುವವರು ಸಿಗಲಿಲ್ಲ. ಪತ್ರಿಕೆಗಳು ಗೇಲಿ ಮಾಡಿದವು. 1855ರಲ್ಲಿ ಸೋತು ತೀರಿಕೊಂಡ. ಇಂದು ಅಮೆರಿಕದ ಸಂಸತ್ ಭವನದಲ್ಲಿ ಫ್ಲಾರಿಡಾದ ಪರವಾಗಿ ನಿಲ್ಲಿಸಿದ ಪ್ರತಿಮೆ ಆತನದು. ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆ ಎಂಬ ಅಂದಿನ ನಂಬಿಕೆಯೇ ಗೋರಿಯದೂ ಆಗಿತ್ತು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಹೀಗೆ ತಪ್ಪು ಕಾರಣಕ್ಕಾಗಿ ಮಾಡಿದ ಯಂತ್ರವೂ ಜಗತ್ತಿಗೆ ದಾರಿ ತೋರಿಸಿತು.

ಇಂದಿನ ಯಂತ್ರ ಗಾಳಿಯನ್ನಲ್ಲ, ಆವಿಯನ್ನು ಒತ್ತುತ್ತದೆ. 1834ರಲ್ಲಿ ಜೇಕಬ್ ಪರ್ಕಿನ್ಸ್ ಅದರ ಪೇಟೆಂಟ್ ಪಡೆದ. ಅದು ಕೆಲಸ ಮಾಡುವ ಬಗೆಯನ್ನು ನಮ್ಮ ರಕ್ತಸಂಚಾರಕ್ಕೆ ಹೋಲಿಸಿ ಹೇಳಬಹುದು. ಕೊಳವೆಗಳಲ್ಲಿ ಒಂದು ದ್ರವ ಸುತ್ತುತ್ತಿರುತ್ತದೆ. ಕೋಣೆಯೊಳಗಿನ ಸುರುಳಿಯಲ್ಲಿ ಅದು ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಎಂಬ ಹೃದಯ ಆ ಆವಿಯನ್ನು ಎಳೆದು ಬಲವಾಗಿ ಒತ್ತುತ್ತದೆ. ಒತ್ತಿದಾಗ ಆವಿ ಹೊರಗಿನ ಗಾಳಿಗಿಂತಲೂ ಬಿಸಿಯಾಗುತ್ತದೆ. ಬಿಸಿಯಾದದ್ದರಿಂದಲೇ ಹೊರಗಿನ ಸುರುಳಿಯಲ್ಲಿ ತನ್ನ ಶಾಖವನ್ನು ಹೊರಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಕೊನೆಗೆ ಒಂದು ಕಿರಿದಾದ ದಾರಿಯಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಒಳಗಿನ ಸುರುಳಿಗೆ ಮರಳುತ್ತದೆ. ಇಷ್ಟೇ. ಫ್ರಿಜ್ಜಿನಲ್ಲೂ ಇದೇ, ಏರ್‌ಕಾನಿನಲ್ಲೂ ಇದೇ.

ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ತಂಪನ್ನು ಯಾರೂ ತಯಾರಿಸುವುದಿಲ್ಲ. ಶಾಖವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಹಾಕುತ್ತೇವೆ. ಹೊರುವ ಕೂಲಿಯಾಗಿ ಕರೆಂಟು ಕೊಡುತ್ತೇವೆ, ಆ ಕರೆಂಟೂ ಕೊನೆಗೆ ಶಾಖವಾಗಿ ಹೊರಗೇ ಹೋಗುತ್ತದೆ.

ಗೀಲಾಂಗಿನಿಂದ ಆರ್ಚರ್ಡ್ ರಸ್ತೆಗೆ

ಆಸ್ಟ್ರೇಲಿಯಾದ ಗೀಲಾಂಗಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಜೇಮ್ಸ್ ಹ್ಯಾರಿಸನ್, ಅಚ್ಚಿನ ಮೊಳೆಗಳನ್ನು ಈಥರಿನಿಂದ ತೊಳೆಯುವಾಗ ಅವು ತಣ್ಣಗಾಗುವುದನ್ನು ಗಮನಿಸಿ 1850ರ ದಶಕದಲ್ಲಿ ಮಂಜುಗಡ್ಡೆಯ ಯಂತ್ರ ಕಟ್ಟಿದ. 1873ರಲ್ಲಿ ಮಾಂಸವನ್ನು ತಣ್ಣಗಿಟ್ಟು ಲಂಡನ್ನಿಗೆ ಕಳಿಸಲು ಹೋಗಿ, ದಾರಿಯಲ್ಲೇ ಕೊಳೆತು ದಿವಾಳಿಯಾದ. ಏಳು ವರ್ಷದ ಮೇಲೆ, 1880ರಲ್ಲಿ 'ಸ್ಟ್ರಾತ್‌ಲೆವೆನ್' ಎಂಬ ಹಡಗು ಅದೇ ದಾರಿಯಲ್ಲಿ ಹೆಪ್ಪುಗಟ್ಟಿಸಿದ ಮಾಂಸವನ್ನು ಕೆಡದಂತೆ ಮುಟ್ಟಿಸಿತು. ಅಷ್ಟರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಬಳಸುವ ಬಲವಾದ ಯಂತ್ರಗಳನ್ನು ತಂದಿದ್ದ.

ಈ ಸರಪಳಿಯ ಇನ್ನೊಂದು ತುದಿ ಸಿಂಗಪುರ. 1903ರಲ್ಲಿ ಇಲ್ಲಿ ಸಿಂಗಪುರ್ ಕೋಲ್ಡ್ ಸ್ಟೋರೇಜ್ ಕಂಪನಿ ಹುಟ್ಟಿ, ಆಸ್ಟ್ರೇಲಿಯಾದಿಂದ ಹೆಪ್ಪುಗಟ್ಟಿಸಿದ ಮಾಂಸ, ಬೆಣ್ಣೆ, ಹಣ್ಣು ತರಿಸಿತು. 1905ರಲ್ಲಿ ಆರ್ಚರ್ಡ್ ರಸ್ತೆಯಲ್ಲಿ ಮಳಿಗೆ ತೆರೆಯಿತು. 1923ರಲ್ಲಿ ಐಸ್‌ಕ್ರೀಂ ತಯಾರಿಸತೊಡಗಿತು. ಹಳೆಯ ಸಿಂಗಪುರಿಗರು ಇಂದಿಗೂ ಪ್ರೀತಿಯಿಂದ ನೆನೆಯುವ 'ಮ್ಯಾಗ್ನೋಲಿಯಾ' ಈ ಕಂಪನಿಯದೇ. ನಾವು ಮಾವಿನಹಣ್ಣಿನ ಸೀಕರಣೆಗೆ ಹಾಲು ಕೊಳ್ಳಲು ಹೋಗುವ 'ಕೋಲ್ಡ್ ಸ್ಟೋರೇಜ್' ಅಂಗಡಿಯ ಹೆಸರಿನ ಹಿಂದೆ ಇಷ್ಟು ಇತಿಹಾಸವಿದೆ.

ತಣ್ಣಗೆ ಮಾಡುವುದೇ ಬೇರೆ, ಗಾಳಿಯನ್ನು ಹದಗೊಳಿಸುವುದೇ ಬೇರೆ. ಎರಡನೆಯದರ ಹಿರಿಮೆ ವಿಲ್ಲಿಸ್ ಕ್ಯಾರಿಯರ್‌ನದು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಆರ್ದ್ರತೆ ಏರಿಳಿದು ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯನ್ನು ತಣ್ಣನೆಯ ಸುರುಳಿಗಳ ಮೇಲೆ ಹಾಯಿಸಿ, ಅದರೊಳಗಿನ ನೀರನ್ನು ಹನಿಯಾಗಿ ಇಳಿಸಿ, ಆರ್ದ್ರತೆಯನ್ನು ಹಿಡಿತದಲ್ಲಿಡುವ ವ್ಯವಸ್ಥೆಯನ್ನು ಆತ ರೂಪಿಸಿದ. ಮನುಷ್ಯನ ಸುಖಕ್ಕಲ್ಲ, ಕಾಗದದ ಸುಖಕ್ಕೆ! ಅದೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿಗೆ ತಲುಪಿತು. ಗಣಿ ಆಳವಾದಂತೆ ಕಲ್ಲಿನ ಬಿಸಿ 60 ಡಿಗ್ರಿ ದಾಟಿ, ಮುಂದೆ ಅಲ್ಲಿಗೂ ಯಂತ್ರದಿಂದ ತಣ್ಣಗೆ ಮಾಡಿದ ಗಾಳಿಯನ್ನು ಇಳಿಸಬೇಕಾಯಿತು. ನಮ್ಮ ನಾಡಿನ ಕಾರ್ಮಿಕರು ಹವಾನಿಯಂತ್ರಣದ ಗಾಳಿಯನ್ನು ಉಸಿರಾಡಿದ್ದು ಆಫೀಸುಗಳಲ್ಲಿ ಕೂರುವ ಬಹಳ ಮೊದಲೇ, ನೆಲದಡಿಯಲ್ಲಿ.

ಸಿಂಗಪುರದ ಸಾಮಾನ್ಯ ಜನರಿಗೆ ಆ ಗಾಳಿಯ ಮೊದಲ ರುಚಿ ಸಿಕ್ಕಿದ್ದು ಸಿನಿಮಾ ಮಂದಿರದಲ್ಲಿ. 1939ರ ಅಕ್ಟೋಬರಿನಲ್ಲಿ ತೆರೆದ ಕ್ಯಾಥೇ ಚಿತ್ರಮಂದಿರ ಇಲ್ಲಿನ ಮೊದಲ ಹವಾನಿಯಂತ್ರಿತ ಚಿತ್ರಮಂದಿರ. ಟಿಕೆಟ್ ಕೊಂಡವನಿಗೆ ಚಿತ್ರದ ಜೊತೆ ಎರಡು ಗಂಟೆಯ ತಂಪು ಉಚಿತ.

1959ರಲ್ಲಿ ಪ್ರಧಾನಿಯಾದ ಲೀ ಕುವಾನ್ ಯೂ, ತಾವು ಮೊದಲು ಮಾಡಿದ ಕೆಲಸವೆಂದರೆ ಸರಕಾರಿ ನೌಕರರು ಕೆಲಸ ಮಾಡುವ ಕಟ್ಟಡಗಳಿಗೆ ಏರ್‌ಕಾನ್ ಹಾಕಿಸಿದ್ದು ಎಂದು ಮುಂದೊಮ್ಮೆ ಹೇಳಿಕೊಂಡರು. ಅದಿಲ್ಲದಿದ್ದರೆ ಉಷ್ಣವಲಯದಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆ ಮಾತ್ರ ಚುರುಕಾಗಿ ದುಡಿಯಲು ಸಾಧ್ಯ ಎಂಬುದು ಅವರ ಅಭಿಪ್ರಾಯ. 1987ರಲ್ಲಿ ಎಂಆರ್‌ಟಿ ರೈಲು ಶುರುವಾದಾಗ ನೆಲದಡಿಯ ನಿಲ್ದಾಣಗಳ ಪ್ಲಾಟ್‌ಫಾರಂ ಅಂಚಿಗೆ ಗಾಜಿನ ಬಾಗಿಲುಗಳನ್ನು ಹಾಕಿದರು. ಅದು ಸುರಕ್ಷತೆಗೆ ಹೌದು, ತಂಪು ಗಾಳಿ ಸುರಂಗಕ್ಕೆ ಸೋರಿಹೋಗದಿರಲಿ ಎಂಬುದಕ್ಕೂ ಹೌದು. 2012ರಲ್ಲಿ ಗಾರ್ಡನ್ಸ್ ಬೈ ದ ಬೇ ತನ್ನ ಗಾಜಿನ ಮನೆಗಳಲ್ಲಿ ತಂಪು ನಾಡಿನ ಗಿಡಗಳನ್ನು ಬೆಳೆಸಿತು. ಲಂಡನ್ನಿನವರು ಗಾಜಿನ ಮನೆ ಕಟ್ಟುವುದು ಬಿಸಿಗೆ, ನಾವು ಕಟ್ಟಿದ್ದು ಚಳಿಗೆ.

ಒಂದು ಫ್ರಿಜ್ಜು, ಎರಡು ಮನೆ

ಇಷ್ಟರವರೆಗೆ ಓದುತ್ತ ಬಂದವನಿಗೆ ನನ್ನದೇ ಬದುಕಿನ ಒಂದು ಫ್ರಿಜ್ಜು ಕಣ್ಣ ಮುಂದೆ ಬಂದು ನಿಂತಿತು.

1985ರಲ್ಲಿ ಭಾರತ ಸರಕಾರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುಮಾಡಿತು. ಮರುವರ್ಷ ನಾನು ಉತ್ತರ ಕರ್ನಾಟಕದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊಸ ಡಾಕ್ಟರು. ಕರೆಂಟು ಬಂದರೆ ಹಬ್ಬ. ಹಾಗಾಗಿ ನಮ್ಮಲ್ಲಿದ್ದದ್ದು ಸೀಮೆಎಣ್ಣೆ ಫ್ರಿಜ್ಜು. ಬೆಂಕಿ ಹಚ್ಚಿ ತಣ್ಣಗೆ ಮಾಡುವ ಪೆಟ್ಟಿಗೆ! ಇದರಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ ನೀರಿನಲ್ಲಿ ಕರಗಿರುತ್ತದೆ. ದೀಪದ ಶಾಖಕ್ಕೆ ಅದು ನೀರಿನಿಂದ ಬಿಡಿಸಿಕೊಂಡು ಮೇಲೇರಿ, ತಣಿದು ದ್ರವವಾಗಿ, ಪೆಟ್ಟಿಗೆಯೊಳಗೆ ಆವಿಯಾಗಿ ಶಾಖ ಹೀರಿ, ಮತ್ತೆ ನೀರಿನಲ್ಲಿ ಕರಗುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ರೂಪಿಸಿದ ಬಗೆ ಇದು. ದೀಪ ಉರಿಯುವವರೆಗೆ ತಂಪು. ದೀಪ ಆರಿದರೆ ಅದು ಬರಿಯ ಬೀರು.

ದಡಾರದ ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ದಿನಕ್ಕೆರಡು ಸಲ ಉಷ್ಣಮಾಪಕ ನೋಡಿ ವಹಿಯಲ್ಲಿ ಬರೆದು ಸಹಿ ಹಾಕಬೇಕು. ಊರ ಜಾತ್ರೆಯ ವಾರ, ಸೀಮೆಎಣ್ಣೆ ಬಂದಿರಲಿಲ್ಲ. ನಾನು ಬಾಗಿಲು ತೆರೆಯದೆ, ಹಿಂದಿನ ಸಾಲಿನ ಅಂಕಿಯನ್ನೇ ನೋಡಿ ಎರಡು ದಿನ ಸಹಿ ಹಾಕಿದೆ. ಲಸಿಕಾ ಶಿಬಿರವೂ ನಡೆದುಹೋಯಿತು. ಮರುದಿನ ನಮ್ಮ ಎಎನ್‌ಎಂ ಸಿಸ್ಟರ್ ಬಂದು ತಗ್ಗಿದ ದನಿಯಲ್ಲಿ "ಸಾಹೇಬ್ರ, ಫ್ರಿಜ್ಜಿನಾಗ ಕೈ ಇಟ್ರ ಬೆಚ್ಚಗ ಐತ್ರಿ" ಎಂದರು. ಕೆಟ್ಟ ಲಸಿಕೆ ನೋಡಲು ಒಳ್ಳೆಯ ಲಸಿಕೆಯಂತೆಯೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೆಟ್ಟಿತ್ತೆಂದು ತಿಳಿಯುವುದು ಮಗುವಿಗೆ ದಡಾರ ಬಂದಾಗ.

ಹೊಸ ಲಸಿಕೆ ತರಿಸಿ, ಆ ಸಿಸ್ಟರ್ ಮತ್ತು ನಾನು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಎಲ್ಲ ಮಕ್ಕಳಿಗೂ ಮತ್ತೆ ಹಾಕಿದೆವು. ಎರಡು ಮನೆಗಳಿಗೆ ಮಾತ್ರ ಬೀಗ. ಗುಳೆ ಹೋಗಿದ್ದರು. ಎಲ್ಲಿಗೆ ಎಂದು ನೆರೆಯವರಿಗೂ ತಿಳಿಯದು. ಆ ಮಕ್ಕಳಿಗೆ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ನಂತರದ ಎಲ್ಲ ವರ್ಷಗಳಲ್ಲಿ, ಯಾವ ಆಸ್ಪತ್ರೆಯಲ್ಲೇ ಇರಲಿ, ಉಷ್ಣಮಾಪಕವನ್ನು ಕಣ್ಣಾರೆ ನೋಡದೆ ನಾನು ಸಹಿ ಹಾಕಿಲ್ಲ.

ಈಗ ಸೀಸೆಯ ಮೇಲೆಯೇ ಒಂದು ಪುಟ್ಟ ಗುರುತು ಇರುತ್ತದೆ. ವೃತ್ತದೊಳಗಿನ ತಿಳಿ ಚೌಕ ಬಿಸಿಗೆ ಸಿಕ್ಕಿದಷ್ಟೂ ಕಪ್ಪಾಗುತ್ತದೆ. 1996ರಲ್ಲಿ ಪೋಲಿಯೊ ಲಸಿಕೆಯಿಂದ ಇದು ಶುರುವಾಯಿತು. ಅಕ್ಷರ ಬಾರದ ತಾಯಿಯೂ ಅದನ್ನು ನೋಡಿ ಹೇಳಬಲ್ಲಳು. ಅದು ಹತ್ತು ವರ್ಷ ಮೊದಲು ಬಂದಿದ್ದರೆ ಎಂದು ಅಂದುಕೊಳ್ಳುತ್ತೇನೆ. 2020ರ ಡಿಸೆಂಬರಿನಲ್ಲಿ ಮೈನಸ್ 70 ಡಿಗ್ರಿಯಲ್ಲಿಡಬೇಕಾದ ಕೋವಿಡ್ ಲಸಿಕೆ ಚಾಂಗಿಯಲ್ಲಿ ಇಳಿದ ಸುದ್ದಿಯನ್ನು ಟೀವಿಯಲ್ಲಿ ನೋಡುವಾಗ ನನಗೆ ನೆನಪಾದದ್ದು ಆ ಸೀಮೆಎಣ್ಣೆ ದೀಪ.

ಆ ಬಿಸಿ ಎಲ್ಲಿ ಹೋಯಿತು?

ತಂಪಿಗೆ ಬೆಲೆಯಿದೆ. ಮೊದಲಿನ ಫ್ರಿಜ್ಜುಗಳಲ್ಲಿದ್ದ ಅಮೋನಿಯಾ, ಗಂಧಕದ ಡೈಆಕ್ಸೈಡ್ ಸೋರಿದರೆ ವಿಷ. ಅದಕ್ಕೆ ಪರಿಹಾರವಾಗಿ ಥಾಮಸ್ ಮಿಜ್ಲಿ 1928ರ ಹೊತ್ತಿಗೆ ಸಿಎಫ್‌ಸಿ ಅನಿಲವನ್ನು ತಂದ. ಅದು ವಿಷವಲ್ಲ, ಉರಿಯುವುದಿಲ್ಲ ಎಂದು ತೋರಿಸಲು ವಿಜ್ಞಾನಿಗಳ ಸಭೆಯಲ್ಲಿ ತಾನೇ ಉಸಿರೊಳಗೆ ಎಳೆದುಕೊಂಡು ಮೇಣದಬತ್ತಿಯ ಮೇಲೆ ಊದಿ ಆರಿಸಿದ. ಮನೆಮನೆಗೆ ಫ್ರಿಜ್ಜು ಬರಲು ಅದೇ ಕಾರಣ. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ಈ ಅನಿಲ ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆಂದು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ಸುದ್ದಿ ಬಂತು. ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಜಗತ್ತು ಒಗ್ಗಟ್ಟಾಗಿ ತನ್ನ ತಪ್ಪು ತಿದ್ದಿಕೊಂಡ ಅಪರೂಪದ ಉದಾಹರಣೆ ಅದು. ಬದಲಿಗೆ ಬಂದ ಅನಿಲಗಳು ಓಜೋನಿಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುತ್ತವೆ. 2016ರ ಕಿಗಾಲಿ ಒಪ್ಪಂದ ಅವನ್ನೂ ಇಳಿಸಲು ಹೊರಟಿದೆ. ಸಿಂಗಪುರದಲ್ಲಿ 2022ರ ಅಕ್ಟೋಬರಿನಿಂದ ಮನೆಬಳಕೆಯ ಹೊಸ ಏರ್‌ಕಾನುಗಳಿಗೆ ಈ ಬಗ್ಗೆ ಮಿತಿ ಬಂದಿದೆ. ನೀವು ಕೊಳ್ಳುವ ಯಂತ್ರದ ಮೇಲೆ 'ಆರ್-32' ಎಂದಿದ್ದರೆ, ಅದು ಹಿಂದಿನ 'ಆರ್-410ಎ' ಅನಿಲದ ಮೂರನೇ ಒಂದರಷ್ಟು ಮಾತ್ರ ಬಿಸಿಯೇರಿಸುವಂಥದ್ದು.

ಮರೀನಾ ಬೇಯಲ್ಲಿ 2006ರಿಂದ ನೆಲದಡಿಯ ಒಂದೇ ಕೇಂದ್ರದಲ್ಲಿ ನೀರನ್ನು ತಣ್ಣಗೆ ಮಾಡಿ ಕೊಳವೆಗಳಲ್ಲಿ ಹಲವು ಕಟ್ಟಡಗಳಿಗೆ ಹಂಚುತ್ತಾರೆ. ಒಲೆ ಹತ್ತಾರು ಇರುವುದಕ್ಕಿಂತ ಒಂದೇ ದೊಡ್ಡ ಅಡುಗೆಮನೆ ಇದ್ದರೆ ಉರುವಲು ಉಳಿಯುವಂತೆ, ಇಲ್ಲಿಯೂ ವಿದ್ಯುತ್ತು ಉಳಿಯುತ್ತದೆ.

ವೈದ್ಯನಾಗಿ ನನ್ನನ್ನು ಕಾಡುವುದು ಇನ್ನೊಂದು. ನಮ್ಮ ಕೋಣೆಗಳಿಂದ ಹೊರದಬ್ಬಿದ ಬಿಸಿಯಲ್ಲಿ ಯಾರೋ ನಿಂತಿರುತ್ತಾರೆ. ಕಟ್ಟಡ ಕಟ್ಟುವವರು, ರಸ್ತೆ ಅಗೆಯುವವರು. 2023ರ ಅಕ್ಟೋಬರಿನಲ್ಲಿ ಇಲ್ಲಿನ ಸರಕಾರ ಬಯಲಲ್ಲಿ ದುಡಿಯುವವರಿಗಾಗಿ ನಿಯಮ ತಂದಿತು. ಬಿಸಿ, ಆರ್ದ್ರತೆ, ಗಾಳಿ, ಬಿಸಿಲು ನಾಲ್ಕನ್ನೂ ಸೇರಿಸಿ ಅಳೆಯುವ ಮಾಪಕ 32 ಡಿಗ್ರಿ ಮುಟ್ಟಿದರೆ ಶ್ರಮದ ಕೆಲಸದವರಿಗೆ ಗಂಟೆಗೆ ಕನಿಷ್ಠ 10 ನಿಮಿಷ ನೆರಳಿನಲ್ಲಿ ವಿಶ್ರಾಂತಿ, 33 ಮುಟ್ಟಿದರೆ 15 ನಿಮಿಷ. ಬೆವರು ಆರುತ್ತದೆಯೇ ಎಂಬ ಹಳೆಯ ಪ್ರಶ್ನೆ ಈಗ ಕಾನೂನಿನ ಭಾಷೆಗೆ ಬಂದಿದೆ. ವಾಂಪೋವಾನ ಕಾಲದಲ್ಲಿ ಮಂಜುಗಡ್ಡೆ ಕೊಳ್ಳಲಾಗದೆ ಹೋದ ಕೂಲಿಗೆ, ನೂರೆಪ್ಪತ್ತು ವರ್ಷದ ಮೇಲೆ, ಹತ್ತು ನಿಮಿಷದ ನೆರಳು ಹಕ್ಕಾಗಿ ಸಿಕ್ಕಿತು.

ಬೀಗರಿಗೆ ಟನ್ನಿನ ಲೆಕ್ಕವನ್ನು ವಿವರಿಸಿದೆ. ಬೆರಳು ಮಡಚಿ ಕೇಳಿದರು. "ಹಂಗಾದ್ರ ನಾವು ದಿನಾ ಒಂದು ಟನ್ ಗಡ್ಡೆ ಕರಗಿಸಿದಂಗಾತು. ಆ ಬಿಸಿ ಎಲ್ಲಿ ಹೋತ್ರೀ?" ನಾನು ಅವರನ್ನು ಬಾಲ್ಕನಿಗೆ ಕರೆದೊಯ್ದು ಕಂಪ್ರೆಸರ್ ಮುಂದೆ ಕೈ ಹಿಡಿಸಿದೆ. ಒಲೆಯ ಮುಂದೆ ಹಿಡಿದಂತೆ ತಟ್ಟನೆ ಹಿಂದೆಳೆದುಕೊಂಡರು. ಕೆಳಗೆ ರಸ್ತೆಯ ಬದಿ, ಮರದ ನೆರಳಿನಲ್ಲಿ, ಕಟ್ಟಡ ಕೆಲಸದ ನಾಲ್ವರು ಹುಡುಗರು ಹೆಲ್ಮೆಟ್ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಬೀಗರು ಸ್ವಲ್ಪ ಹೊತ್ತು ನೋಡಿದರು. ಒಳಗೆ ಬಂದು ರಿಮೋಟ್ ಕೇಳಿ, ಮಗ ಇಟ್ಟಿದ್ದ 20ನ್ನು ತಾವೇ 26ಕ್ಕೆ ಏರಿಸಿ, ಫ್ಯಾನ್ ಹಾಕಿ ಮಲಗಿದರು. ಆಮೇಲೆ ಅವರು ಊರಿಗೆ ಹೋದರೂ ನಮ್ಮ ಮನೆಯಲ್ಲಿ ಅದು 26ರಲ್ಲೇ ಇದೆ.